ಕೈಯುಗುರಿಗೆ ಔಷಧದ ಪೆಟ್ಟು, ಕಾಲುಗುರಿಗೆ ಫಂಗಸ್: ಕೀಮೋಥೆರಪಿ ನಡುವಿನ ಒಂದು ಪ್ರಕರಣ

46 ವರ್ಷದ ಮಹಿಳೆ. ಬಲ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ಬದಿಯ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದರು. ಗಡ್ಡೆ ಈಸ್ಟ್ರೊಜೆನ್ ಹಾರ್ಮೋನಿನಿಂದ ಬೆಳೆಯುವ ಬಗೆಯದಾದ್ದರಿಂದ ಕೀಮೋ ಮತ್ತು ರೇಡಿಯೇಷನ್ ಮುಗಿದ ಮೇಲೆ ಆ ಹಾರ್ಮೋನಿನ ಪ್ರಭಾವ ತಡೆಯುವ ಟಮಾಕ್ಸಿಫೆನ್ ಮಾತ್ರೆ ಶುರು ಮಾಡುವುದೆಂದು ಮೊದಲೇ ನಿರ್ಧಾರವಾಗಿತ್ತು. ಕೀಮೋ ಎಂದರೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಜೋಡಿಯ 4 ಸುತ್ತು, ಅದಾದ ಮೇಲೆ ಡಾಸಿಟ್ಯಾಕ್ಸೆಲ್‌ನ 4 ಸುತ್ತು, 21 ದಿನಕ್ಕೊಂದರಂತೆ. ಡಾಸಿಟ್ಯಾಕ್ಸೆಲ್‌ನ ಎರಡನೇ ಸುತ್ತು ಆಗಿ 12ನೇ ದಿನ ಅವರು ಚರ್ಮರೋಗ ವಿಭಾಗಕ್ಕೆ ಬಂದರು.

ಕೈಯಲ್ಲಿದ್ದ ಚೀಟಿಯಲ್ಲಿ ಬೇರೊಬ್ಬ ವೈದ್ಯರು ಬರೆದ ಒಂದೇ ಸಾಲಿನ ರೋಗನಿರ್ಣಯವಿತ್ತು: ಕೈಕಾಲುಗಳ ಉಗುರಿಗೆ ಫಂಗಸ್. ಕೆಳಗೆ ಫಂಗಸ್ ಮಾತ್ರೆ ಇಟ್ರಾಕೊನಜೋಲ್ 200 ಮಿಲಿಗ್ರಾಂ, ದಿನಕ್ಕೆರಡು ಬಾರಿ, ತಿಂಗಳಿಗೊಂದು ವಾರ. ಮಾತ್ರೆಗಳನ್ನು ಕೊಂಡಿದ್ದರು, ಆದರೆ ನುಂಗಿರಲಿಲ್ಲ. "ಕೀಮೋ ನಡೆಯುತ್ತಿರುವಾಗ ಹೊಸ ಮಾತ್ರೆ ಯಾವುದನ್ನೂ ಕೇಳದೆ ತೆಗೆದುಕೊಳ್ಳಬೇಡಿ ಎಂದು ನರ್ಸಮ್ಮ ಹೇಳಿದ್ದರು ಡಾಕ್ಟರೇ, ಅದಕ್ಕೇ ಕೇಳೋಣವೆಂದು ಬಂದೆ" ಎಂದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಆ ನರ್ಸ್ ಹೇಳಿದ ಮಾತು ಮತ್ತು ಅದನ್ನು ನೆನಪಿಟ್ಟುಕೊಂಡ ಈ ರೋಗಿ. ಉಳಿದವರ ಕೆಲಸವೆಲ್ಲ ಅದರ ನಂತರದ್ದು.

ಕೀಮೋ ಪಡೆಯುತ್ತಿರುವವರ ಉಗುರು ಕೆಟ್ಟರೆ ಫಂಗಸ್ ಎಂದು ಕಣ್ಣಳತೆಯಲ್ಲೇ ಮಾತ್ರೆ ಬರೆದುಬಿಡುವ ರೂಢಿ ಇದೆ. ಇದಕ್ಕೆ ವಿರುದ್ಧವಾದ ರೂಢಿಯೂ ಇದೆ: ಜೀವಕ್ಕೇ ಕುತ್ತು ಬಂದಿರುವಾಗ ಉಗುರಿನದೇನು ಎಂದು ತಳ್ಳಿಹಾಕುವುದು. ಎರಡೂ ಅಪಾಯವೇ. ಒಬ್ಬರದೇ ದೇಹದಲ್ಲಿ ಎರಡಕ್ಕೂ ಉತ್ತರ ಸಿಕ್ಕಿದ್ದರಿಂದ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಉಗುರುಗಳಲ್ಲಿ ಕಂಡದ್ದು

ಮೊದಲು ಕೈ. ಹತ್ತರಲ್ಲಿ ಎಂಟು ಉಗುರುಗಳು ತುದಿಯಿಂದ ಹಿಂದಕ್ಕೆ ತಳ ಬಿಟ್ಟು ಎದ್ದಿದ್ದವು. ಎದ್ದ ಭಾಗ ಮಾಸಲು ಹಳದಿ, ಅದರ ಹಿಂದೆ ಕಂದುಗೆಂಪು ಪಟ್ಟಿ, ಅಂದರೆ ಉಗುರಿನಡಿ ಒಸರಿ ಹೆಪ್ಪುಗಟ್ಟಿದ ರಕ್ತ. ಹೆಬ್ಬೆರಳಿನ ಉಗುರಿನ ಮೇಲೆ ಬೆರಳಾಡಿಸಿದರೆ ಅಡ್ಡ ತಗ್ಗುಗಳು ಒಂದರ ಹಿಂದೊಂದು ಸಿಗುತ್ತಿದ್ದವು. ಐದು ಸ್ಪಷ್ಟವಾಗಿದ್ದವು, ಒಂದಕ್ಕೊಂದಕ್ಕೆ ಸುಮಾರು 2 ಮಿಲಿಮೀಟರ್ ಅಂತರ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. 21 ದಿನಕ್ಕೆ 2. ಪ್ರತಿ ಸುತ್ತಿನ ಔಷಧವೂ ಉಗುರು ಹುಟ್ಟುವ ಬೇರನ್ನು ಕೆಲವು ದಿನ ನಿಲ್ಲಿಸಿದ್ದು ಹೀಗೆ ಗೀರಾಗಿ ಉಳಿದಿತ್ತು. ಇತ್ತೀಚಿನ ಸುತ್ತಿನ ಗೀರು ಇನ್ನೂ ಬುಡದ ಚರ್ಮದಡಿಯೇ ಇತ್ತು. ಇವು ಬೋ ಗೀರುಗಳು. ಫಂಗಸ್ ಎಂದೂ ಇಷ್ಟು ಲೆಕ್ಕವಿಟ್ಟು ಉಗುರು ಕೆಡಿಸುವುದಿಲ್ಲ.

ಇನ್ನೂ ಒಂದು ಸುಳಿವು: ಎರಡೂ ಕೈ, ಒಂದೇ ಸಮಯ, ಒಂದೇ ಬಗೆ. ಫಂಗಸ್ ಸಾಮಾನ್ಯವಾಗಿ ಒಂದು ಉಗುರಿನಲ್ಲಿ ಶುರುವಾಗಿ ನಿಧಾನವಾಗಿ ಪಕ್ಕದ್ದಕ್ಕೆ ದಾಟುತ್ತದೆ. ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಇವರ ಕೈಯುಗುರುಗಳು ಡಾಸಿಟ್ಯಾಕ್ಸೆಲ್ ಶುರುವಾದ ಮೇಲಿನ ಕೆಲವೇ ವಾರಗಳಲ್ಲಿ ಒಟ್ಟಿಗೆ ಎದ್ದಿದ್ದವು. ಡಾಸಿಟ್ಯಾಕ್ಸೆಲ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ಟ್ಯಾಕ್ಸೇನ್ ಗುಂಪಿನವು, ಉಗುರಿಗೆ ಈ ಪೆಟ್ಟು ಕೊಡುವುದರಲ್ಲಿ ಹೆಸರಾದವು.

ಬಲಗೈಯ ಉಂಗುರ ಬೆರಳು ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಉಗುರಿನ ಒಂದು ಅಂಚು ಹಸಿರುಗಪ್ಪು. ಬುಡದ ಚರ್ಮ ಊದಿ ಕೆಂಪಾಗಿತ್ತು, ಉಗುರುಸುತ್ತು ಆಗಿತ್ತು. ಉಗುರನ್ನು ಮೆಲ್ಲಗೆ ಒತ್ತಿದಾಗ ತುದಿಯಿಂದ ತೆಳುವಾದ ಕೀವು ಜಿನುಗಿತು. ನೋವು ನಾಲ್ಕು ದಿನದ್ದು, ರಾತ್ರಿ ನಿದ್ದೆ ಕೆಡಿಸುವಂಥದ್ದು. ಆ ನಾಲ್ಕು ದಿನವನ್ನು ಹಿಂದಕ್ಕೆ ಎಣಿಸಿದರೆ ಅದು ಸುತ್ತಿನ 8ನೇ ದಿನಕ್ಕೆ ಬರುತ್ತದೆ. ಡಾಸಿಟ್ಯಾಕ್ಸೆಲ್ ಆದ ಮೇಲೆ ಬಿಳಿ ರಕ್ತಕಣಗಳು ತಳ ಮುಟ್ಟುವುದು ಹೆಚ್ಚುಕಡಿಮೆ ಆಗಲೇ.

ಇನ್ನು ಕಾಲು. ಎಡಗಾಲಿನ ಹೆಬ್ಬೆರಳಿನ ಉಗುರು ದಪ್ಪವಾಗಿ, ಹಳದಿಬಿಳಿಯಾಗಿ, ಅಂಚಿನಲ್ಲಿ ಪುಡಿಯಾಗುತ್ತಿತ್ತು. ಉಗುರಿನ ಬಹುಭಾಗ ಕೆಟ್ಟಿತ್ತು, ಬುಡದ ಅರ್ಧಚಂದ್ರ ಮಾತ್ರ ಉಳಿದುಕೊಂಡಿತ್ತು. "ಇದು ಹಳೆಯದು, ಕ್ಯಾನ್ಸರಿಗೂ ಮುಂಚಿನದು" ಎಂದರು. ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ. ಅಂಗಾಲಿನಲ್ಲಿ ಒಣ ಹೊಟ್ಟು. ನಾಲ್ಕನೇ ಮತ್ತು ಕಿರುಬೆರಳ ಸಂದಿನಲ್ಲಿ ಚರ್ಮ ಬೆಳ್ಳಗೆ ನೆಂದು, ನಡುವೆ ಸೀಳು ಬಿಟ್ಟಿತ್ತು. ಆ ಸೀಳು ಇರುವುದು ಅವರಿಗೆ ಗೊತ್ತೇ ಇರಲಿಲ್ಲ. ಔಷಧದಿಂದ ಪಾದಗಳು ಜೋಮು ಹಿಡಿದಂತಾಗಿ ನೋವು ತಿಳಿಯುತ್ತಿರಲಿಲ್ಲ.

ಜ್ವರವಿರಲಿಲ್ಲ. ಅಂದಿನ ರಕ್ತಪರೀಕ್ಷೆಯಲ್ಲಿ ನ್ಯೂಟ್ರೊಫಿಲ್ ಕಣಗಳು (ಬ್ಯಾಕ್ಟೀರಿಯಾ ಎದುರಿಸುವ ಬಿಳಿ ರಕ್ತಕಣಗಳು) ಮೈಕ್ರೊಲೀಟರಿಗೆ 2,100ಕ್ಕೆ ಏರಿ ಬಂದಿದ್ದವು. ಸಕ್ಕರೆ ಕಾಯಿಲೆ ಇರಲಿಲ್ಲ. ಬಲತೋಳಿನಲ್ಲಿ ಊತವಿಲ್ಲ, ಕೆಂಪು ಗೆರೆಗಳಿಲ್ಲ. ಕೊನೆಯದನ್ನು ಎರಡೆರಡು ಸಲ ನೋಡಿದೆ, ಏಕೆಂದರೆ ಕೀವು ಆಗಿದ್ದ ಬೆರಳು ದುಗ್ಧಗ್ರಂಥಿ ತೆಗೆದ ಬದಿಯದೇ. ಆ ತೋಳಿನಲ್ಲಿ ಸೋಂಕು ಹರಡಿದರೆ ಇಳಿಯುವುದು ಕಷ್ಟ. ಶಾಶ್ವತ ಊತಕ್ಕೂ ಅದು ನಾಂದಿಯಾಗಬಲ್ಲದು.

ಮಾದರಿ ತೆಗೆದದ್ದು

ಉಗುರಿನ ಫಂಗಸ್ ಪರೀಕ್ಷೆ ಸುಳ್ಳು ಹೇಳುವುದು ಬಹುಮಟ್ಟಿಗೆ ಪ್ರಯೋಗಾಲಯದಲ್ಲಲ್ಲ, ಮಾದರಿ ತೆಗೆಯುವಾಗ. ತುದಿಯ ಪುಡಿಯನ್ನು ಕತ್ತರಿಸಿ ಕಳಿಸಿದರೆ ಅದರಲ್ಲಿ ಸತ್ತ ಫಂಗಸ್ ಇರುತ್ತದೆ, ಜೊತೆಗೆ ಗಾಳಿಯಿಂದ ಬಂದು ಕೂತ ಬೇರೆ ಬೂಷ್ಟೆಲ್ಲ ಇರುತ್ತದೆ. ಜೀವಂತ ಫಂಗಸ್ ಇರುವುದು ಮುನ್ನುಗ್ಗುತ್ತಿರುವ ಅಂಚಿನಲ್ಲಿ, ಕೆಟ್ಟ ಉಗುರು ಒಳ್ಳೆಯ ಉಗುರನ್ನು ಸೇರುವ ಕಡೆ, ಉಗುರಿನ ಅಡಿಯಲ್ಲಿ.

ಕಾಲಿನ ಹೆಬ್ಬೆರಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಟ್ಟು, ಸಡಿಲವಾದ ಭಾಗವನ್ನೆಲ್ಲ ಹಿಂದಕ್ಕೆ ಹಿಂದಕ್ಕೆ ಕತ್ತರಿಸುತ್ತ ಹೋದೆವು. ಆಮೇಲೆ ಸಣ್ಣ ಕ್ಯೂರೆಟ್‌ನಿಂದ ಉಗುರಿನ ಹಾಸಿನ ಮೇಲಿದ್ದ ಒಣ ಪುಡಿಯನ್ನು ಕೆರೆದುಕೊಂಡೆವು. ಜೋಮು ಹಿಡಿದ ಬೆರಳಾದ್ದರಿಂದ ನೋವಾದರೂ ಅವರು ಹೇಳುವುದಿಲ್ಲ. ಕೈ ಹಗುರವಾಗಿರಬೇಕು, ರಕ್ತ ಬರಬಾರದು. ಅರ್ಧ ಪುಡಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಒಎಚ್) ದ್ರಾವಣಕ್ಕೆ, ಅರ್ಧ ಕಲ್ಚರಿಗೆ, ಅಂದರೆ ಫಂಗಸ್ ಬೆಳೆಸಿ ನೋಡಲು. ಕಲ್ಚರನ್ನು ಎರಡು ಬಗೆಯ ಮಾಧ್ಯಮದಲ್ಲಿ ಹಾಕಲು ಬರೆದೆ: ಒಂದರಲ್ಲಿ ಸೈಕ್ಲೊಹೆಕ್ಸಿಮೈಡ್ ಇರಬೇಕು, ಇನ್ನೊಂದರಲ್ಲಿ ಇರಬಾರದು. ಆ ರಾಸಾಯನಿಕ ಅಡ್ಡಬರುವ ಬೂಷ್ಟನ್ನು ತಡೆಯುತ್ತದೆ ನಿಜ, ಆದರೆ ಫ್ಯುಸೇರಿಯಂನಂಥ ಫಂಗಸ್ ಅನ್ನೂ ತಡೆದುಬಿಡುತ್ತದೆ. ಕೀಮೋ ರೋಗಿಯಲ್ಲಿ ಕಣ್ತಪ್ಪಲೇಬಾರದ ಫಂಗಸ್ ಅದು.

ಕೈಯ ಎರಡು ಉಗುರುಗಳ ತುಂಡುಗಳನ್ನು ಕೆಒಎಚ್ ಪರೀಕ್ಷೆಗೂ ಫಂಗಸ್ ಎದ್ದು ಕಾಣಿಸುವ ಪಿಎಎಸ್ ಬಣ್ಣ ಹಾಕಿ ನೋಡಲೂ ಕಳಿಸಿದೆವು. ಉಂಗುರ ಬೆರಳಿನ ಕೀವನ್ನು ಬ್ಯಾಕ್ಟೀರಿಯಾ ಕಲ್ಚರಿಗೆ.

ಕಾಲುಗುರಿನ ಸ್ಲೈಡ್ ಅಂದೇ ಮಾತಾಡಿತು. ಕರಗಿ ಮಸುಕಾದ ಉಗುರಿನ ಕೋಶಗಳ ನಡುವೆ ಬಿದಿರಿನ ಗಣ್ಣಿನ ಹಾಗೆ ಅಡ್ಡಗೋಡೆಗಳಿರುವ ಎಳೆಗಳು, ಕೋಶಗಳ ಗಡಿಯನ್ನು ಲೆಕ್ಕಿಸದೆ ಒಂದರಿಂದ ಇನ್ನೊಂದಕ್ಕೆ ಹಾದುಹೋಗಿದ್ದವು, ಅಲ್ಲಲ್ಲಿ ಕವಲೊಡೆದಿದ್ದವು. ಸಂದಿನ ಸೀಳಿನಿಂದ ಕೆರೆದ ಹೊಟ್ಟಿನಲ್ಲೂ ಅವೇ. ಕೈಯುಗುರಿನಲ್ಲಿ ಏನೂ ಇರಲಿಲ್ಲ. ಪಿಎಎಸ್ ವರದಿಯೂ ನೆಗೆಟಿವ್ ಬಂತು. ಕೀವಿನಲ್ಲಿ ಸ್ಯೂಡೊಮೊನಾಸ್ ಎರುಜಿನೋಸ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಆ ಹಸಿರು ಬಣ್ಣ ಅದರದೇ ವರ್ಣದ್ರವ್ಯ. ಕಾಲುಗುರಿನ ಕಲ್ಚರ್ ಮೂರನೇ ವಾರ ಬಂತು: ಟ್ರೈಕೊಫೈಟಾನ್ ರುಬ್ರಂ, ಉಗುರಿನ ಫಂಗಸ್‌ಗೆ ಅತಿ ಸಾಮಾನ್ಯ ಕಾರಣ.

ಅಂದರೆ ಒಂದೇ ಚೀಟಿಯ ಒಂದೇ ಸಾಲಿನಡಿ ಮೂರು ಬೇರೆ ಬೇರೆ ಕಾಯಿಲೆಗಳಿದ್ದವು. ಇಟ್ರಾಕೊನಜೋಲ್ ಇವುಗಳಲ್ಲಿ ಎರಡಕ್ಕೆ ನಿರುಪಯೋಗಿ. ಮೂರನೆಯದಕ್ಕೆ ಕೆಲಸ ಮಾಡಬಹುದಿತ್ತು, ಆದರೆ ಅದರ ಬೆಲೆ?

ಆ ಮಾತ್ರೆ ಏಕೆ ಬೇಡವಾಗಿತ್ತು

ಡಾಸಿಟ್ಯಾಕ್ಸೆಲ್ ದೇಹದಿಂದ ಹೊರಹೋಗುವುದು ಲಿವರಿನ ಸಿವೈಪಿ3ಎ4 ಎಂಬ ಕಿಣ್ವದ ಮೂಲಕ. ಇಟ್ರಾಕೊನಜೋಲ್ ಅದೇ ಕಿಣ್ವವನ್ನು ಬಲವಾಗಿ ತಡೆಯುವ ಔಷಧ. ಅದೇ ವರ್ಗದ ಕೀಟೊಕೊನಜೋಲ್ ಜೊತೆ ಕೊಟ್ಟಾಗ ಡಾಸಿಟ್ಯಾಕ್ಸೆಲ್ ಹೊರಹೋಗುವ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಅಳೆದು ತಿಳಿದ ಸಂಗತಿ. ಮುಂದಿನ ಸುತ್ತಿನ ಹೊತ್ತಿಗೆ ಇವರು ಮಾತ್ರೆ ನುಂಗುತ್ತಿದ್ದಿದ್ದರೆ, ಲೆಕ್ಕ ಹಾಕಿ ಕೊಟ್ಟ ಕೀಮೋ ಪ್ರಮಾಣ ದೇಹಕ್ಕೆ ಎರಡರಷ್ಟಾಗಿ ಸಿಗುವ ಸಾಧ್ಯತೆ ಇತ್ತು. ಬಿಳಿ ರಕ್ತಕಣ ಕುಸಿದು ಆಸ್ಪತ್ರೆ ಸೇರುವುದು, ಬಾಯಿಹುಣ್ಣು, ಇನ್ನಷ್ಟು ಜೋಮು. ಉಗುರಿಗೂ ಇನ್ನೂ ದೊಡ್ಡ ಪೆಟ್ಟು ಬೀಳಬಹುದಿತ್ತು.

ಇಟ್ರಾಕೊನಜೋಲ್ ಹೃದಯದ ಸಂಕುಚನವನ್ನೂ ತಗ್ಗಿಸಬಲ್ಲದು. ಹೃದಯ ವೈಫಲ್ಯ ಇರುವವರಿಗೆ ಉಗುರಿನ ಫಂಗಸ್‌ಗಾಗಿ ಇದನ್ನು ಕೊಡಬಾರದೆಂಬ ಎಚ್ಚರಿಕೆ ಔಷಧದ ಜೊತೆಗೇ ಬರುತ್ತದೆ. ಇವರು ಆಗಷ್ಟೇ 4 ಸುತ್ತು ಡಾಕ್ಸೊರುಬಿಸಿನ್ ಮುಗಿಸಿದ್ದರು, ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲ ಔಷಧ ಅದು. ರಕ್ತದ ಕ್ಯಾನ್ಸರಿನಲ್ಲಿ ಬಳಸುವ ವಿಂಕ್ರಿಸ್ಟಿನ್ ಜೊತೆಗಂತೂ ಇಟ್ರಾಕೊನಜೋಲ್ ಸೇರಿದರೆ ನರಗಳಿಗೆ ತೀವ್ರ ಹಾನಿಯಾಗಬಲ್ಲದು. ಆದ್ದರಿಂದಲೇ ಕೀಮೋ ನಡುವೆ ಇಟ್ರಾಕೊನಜೋಲ್‌ನಂಥ ಅಜೋಲ್ ಗುಂಪಿನ ಮಾತ್ರೆ ಬರೆಯುವ ಮುನ್ನ ಕ್ಯಾನ್ಸರ್ ತಜ್ಞರಿಗೋ ಅಲ್ಲಿನ ಫಾರ್ಮಸಿಸ್ಟ್‌ಗೋ ಒಂದು ಫೋನ್ ಮಾಡಲೇಬೇಕು ಎನ್ನುತ್ತೇನೆ. ನಾವು ಮಾಡಿದ ಆ ಕರೆ ಎರಡು ನಿಮಿಷದಲ್ಲಿ ಮುಗಿಯಿತು. ಮಾತ್ರೆ ನಿಂತಿತು.

ಬೆರಳು ಮೊದಲು

ಉಂಗುರ ಬೆರಳಿನ ತಳ ಬಿಟ್ಟ ಉಗುರನ್ನು ಅಂಟಿಕೊಂಡಿರುವ ಗಡಿಯವರೆಗೆ ಕತ್ತರಿಸಿ ಕೀವಿಗೆ ದಾರಿ ಮಾಡಿದೆವು. ನೋವು ಅರ್ಧಕ್ಕರ್ಧ ಅಲ್ಲೇ ಇಳಿಯಿತು. ಸ್ಯೂಡೊಮೊನಾಸ್ ಖಚಿತವಾದ ಮೇಲೆ, ಮೊದಲೇ ಶುರು ಮಾಡಿದ್ದ ಆಂಟಿಬಯೋಟಿಕ್ ಸಿಪ್ರೊಫ್ಲಾಕ್ಸಸಿನ್ ಮುಂದುವರಿಸಿ, ತೆಳು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ದಿನಕ್ಕೆರಡು ಬಾರಿ ಬೆರಳದ್ದಿ ನಂತರ ಪೂರ್ತಿ ಒಣಗಿಸಲು ಹೇಳಿದೆವು. ಸ್ಯೂಡೊಮೊನಾಸ್‌ಗೆ ತೇವವೇ ಆಸರೆ. ಮೂರನೇ ಸುತ್ತನ್ನು ಕ್ಯಾನ್ಸರ್ ತಜ್ಞರು ಒಂದು ವಾರ ಮುಂದೂಡಿದರು.

ಉಳಿದ ಕೈಯುಗುರುಗಳಿಗೆ ಫಂಗಸ್ ಔಷಧ ಯಾವುದನ್ನೂ ಕೊಡಲಿಲ್ಲ. ಎದ್ದ ಭಾಗವನ್ನು ಗಿಡ್ಡವಾಗಿ ಕತ್ತರಿಸುವುದು, ನೀರಿನ ಕೆಲಸಕ್ಕೆ ಹತ್ತಿಯ ಒಳಗವಸು ಹಾಕಿದ ರಬ್ಬರ್ ಗವಸು, ಉಗುರಿನಡಿ ಕಡ್ಡಿ ಹಾಕಿ ಶುಚಿ ಮಾಡದಿರುವುದು, ಬುಡದ ಚರ್ಮವನ್ನು ಹಿಂದೆ ತಳ್ಳದಿರುವುದು. ಎದ್ದ ಉಗುರಿನಡಿಯಿಂದ ಕಲ್ಚರ್ ಮಾಡಿದರೆ ಎಷ್ಟೋ ಸಲ ಕ್ಯಾಂಡಿಡ ಎಂಬ ಯೀಸ್ಟ್ ಬಗೆಯ ಫಂಗಸ್ ಬೆಳೆಯುತ್ತದೆ. ತೇವವಾದ ಖಾಲಿ ಜಾಗಕ್ಕೆ ಆಮೇಲೆ ಬಂದು ಸೇರಿಕೊಂಡದ್ದು ಅದು, ಉಗುರು ಎಬ್ಬಿಸಿದ್ದಲ್ಲ. ಆ ವರದಿಯೊಂದನ್ನೇ ನಂಬಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ನ್ಯಾಯವಲ್ಲ.

ಉಳಿದ ಎರಡು ಸುತ್ತುಗಳಿಗೆ ಶೀತಲ ಗವಸು ಮತ್ತು ಕಾಲುಚೀಲ ಹಾಕಿದರು. ತಣ್ಣಗಾದ ಬೆರಳಿಗೆ ರಕ್ತ ಕಡಿಮೆ ಹರಿಯುತ್ತದೆ, ಔಷಧವೂ ಕಡಿಮೆ ತಲುಪುತ್ತದೆ. 2005ರಲ್ಲಿ ಪ್ರಕಟವಾದ, 45 ಮಂದಿಯ ಒಂದು ಅಧ್ಯಯನದಲ್ಲಿ ಡಾಸಿಟ್ಯಾಕ್ಸೆಲ್ ನೀಡುವಾಗ ಪ್ರತಿಯೊಬ್ಬರ ಒಂದು ಕೈಗೆ ಮಾತ್ರ ಹೆಪ್ಪುಗಟ್ಟಿಸಿದ ಗವಸು ತೊಡಿಸಿದ್ದರು. ಗವಸಿಲ್ಲದ ಕೈಯಲ್ಲಿ ಶೇ. 51ರಷ್ಟು ಉಗುರಿನ ತೊಂದರೆ ಕಂಡರೆ ಗವಸಿದ್ದ ಕೈಯಲ್ಲಿ ಶೇ. 11. ಮೊದಲ ಸುತ್ತಿನಿಂದಲೇ ಇದನ್ನು ಕೊಟ್ಟಿದ್ದರೆ ಇವರ ಉಂಗುರ ಬೆರಳಿಗೆ ಕೀವಾಗುವ ಪ್ರಸಂಗವೇ ಬಾರದಿರಬಹುದಿತ್ತು. ಎಲ್ಲರಿಗೂ ಆ ಚಳಿ ತಡೆಯಲಾಗುವುದಿಲ್ಲ, ಇವರೂ ಮಧ್ಯೆ ಒಮ್ಮೆ ತೆಗೆದು ಹಾಕಿಕೊಂಡರು.

ಕಾಲಿನಲ್ಲಿ ಉಗುರಿಗಿಂತ ಸಂದು ಮುಖ್ಯ

ಎಲ್ಲರ ಕಣ್ಣೂ ದಪ್ಪ ಉಗುರಿನ ಮೇಲಿತ್ತು, ಆದರೆ ಅಂದು ತುರ್ತಾಗಿ ನೋಡಬೇಕಿದ್ದುದು ಬೆರಳ ಸಂದಿನ ಸೀಳು. ರುಬ್ರಂ ಫಂಗಸ್ ಉಗುರಿನ ಕೆರಾಟಿನ್ ತಿಂದುಕೊಂಡಿರುತ್ತದೆ, ರಕ್ತಕ್ಕಿಳಿಯುವುದು ಅತಿ ಅಪರೂಪ. ಆದರೆ ಅದು ತೆರೆದಿಟ್ಟ ಬಾಗಿಲಲ್ಲಿ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ನುಗ್ಗಿ ಕಾಲಿಗೆಲ್ಲ ಹರಡಬಲ್ಲದು. ಬಿಳಿ ರಕ್ತಕಣ ತಳ ಮುಟ್ಟಿರುವ ವಾರದಲ್ಲಿ ಹಾಗಾದರೆ ಕೆಂಪೂ ಕೀವೂ ಸರಿಯಾಗಿ ಕಾಣುವುದಿಲ್ಲ, ಎಷ್ಟೋ ಸಲ ಜ್ವರವೊಂದೇ ಸುಳಿವು.

ಸಂದಿಗೂ ಅಂಗಾಲಿಗೂ ಟರ್ಬಿನಫಿನ್ ಮುಲಾಮು ಕೊಟ್ಟೆವು. ಮುಲಾಮು ರಕ್ತಕ್ಕೆ ಸೇರುವುದು ನಗಣ್ಯ, ಕೀಮೋ ಜೊತೆ ತಕರಾರಿಲ್ಲ. ಎರಡನೇ ವಾರದ ಕೊನೆಗೆ ಸೀಳು ಕೂಡಿತ್ತು. ಪಾದ ಜೋಮು ಇರುವುದರಿಂದ ಉಗುರನ್ನು ತಾವೇ ಕತ್ತರಿಸದೆ, ಕಣ್ಣು ಚುರುಕಾಗಿರುವ ಮನೆಯವರಿಂದ ನೇರವಾಗಿ ಕತ್ತರಿಸಿಕೊಳ್ಳಲು ಹೇಳಿದೆವು. ನೇಲ್ ಕಟರ್ ಅವರದಷ್ಟೇ ಆಗಿರಬೇಕು. ದಿನಕ್ಕೊಮ್ಮೆ ಬೆರಳ ಸಂದು ಬಿಡಿಸಿ ನೋಡುವ ಕೆಲಸವನ್ನು ಅವರ ಮಗಳು ವಹಿಸಿಕೊಂಡಳು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಬರಬೇಕೆಂದು ಮಗಳಿಗೆ ಒತ್ತಿ ಹೇಳಿದೆ.

ಇದೇ ಉಗುರು ರಕ್ತದ ಕ್ಯಾನ್ಸರಿನ ರೋಗಿಯದಾಗಿದ್ದರೆ ನಾನು ಇಷ್ಟು ನೆಮ್ಮದಿಯಿಂದ ಬರೆಯುತ್ತಿರಲಿಲ್ಲ. ತೀವ್ರ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ನ್ಯೂಟ್ರೊಫಿಲ್‌ಗಳು ವಾರಗಟ್ಟಲೆ 500ಕ್ಕಿಂತ ಕೆಳಗಿರುತ್ತವೆ. ಅಂಥವರ ಕಾಲುಗುರಿನಲ್ಲಿ ಫ್ಯುಸೇರಿಯಂ ಇದ್ದರೆ ಅಲ್ಲಿಂದಲೇ ಬೆರಳಿಗೆ, ರಕ್ತಕ್ಕೆ, ಮೈಮೇಲೆಲ್ಲ ನೋವಿನ ಕಪ್ಪು ಗಂಟುಗಳಾಗಿ ಹರಡಬಲ್ಲದು. ಹಾಗೆ ಹರಡಿದಾಗ ಸಾವಿನ ಪ್ರಮಾಣ ಬಹಳ ಹೆಚ್ಚು. ಆದ್ದರಿಂದ ದೀರ್ಘಕಾಲ ಬಿಳಿ ರಕ್ತಕಣ ಕುಸಿಯುವ ಚಿಕಿತ್ಸೆಗೆ ಮುನ್ನ ಕಾಲುಚೀಲ ಬಿಚ್ಚಿಸಿ ಬೆರಳುಗಳನ್ನು ನೋಡುವುದು, ಅನುಮಾನವಿದ್ದರೆ ಕಲ್ಚರ್ ಕಳಿಸುವುದು ನನ್ನ ದೃಷ್ಟಿಯಲ್ಲಿ ಎದೆಯ ಎಕ್ಸ್‌ರೇಯಷ್ಟೇ ಅಗತ್ಯ. ಕಾಲುಬೆರಳು ಒಮ್ಮೆಲೇ ಕೆಂಪಾಗಿ ನೋಯತೊಡಗಿದರೆ ಅದು ಹಳೆಯ ಫಂಗಸ್ ಅಲ್ಲವೇ ಎಂದು ಸುಮ್ಮನಿರುವಂತಿಲ್ಲ.

ಟಮಾಕ್ಸಿಫೆನ್ ಎಂಬ ಎರಡನೇ ಗಂಟು

ಡಾಸಿಟ್ಯಾಕ್ಸೆಲ್ ಮುಗಿಯಿತು. ಇನ್ನು ಕಾಲುಗುರಿಗೆ ಟರ್ಬಿನಫಿನ್ ಮಾತ್ರೆ ಕೊಡಬಹುದಲ್ಲ ಎಂದು ತೋರುವುದು ಸಹಜ. ರುಬ್ರಂಗೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ: 250 ಮಿಲಿಗ್ರಾಂ, ದಿನಕ್ಕೊಂದು, ಕಾಲುಗುರಿಗೆ 12 ವಾರ. ಅದು ಸಿವೈಪಿ3ಎ4 ಕಿಣ್ವವನ್ನು ತಡೆಯುವುದಿಲ್ಲ. ಆದರೆ ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವವನ್ನು ಬಲವಾಗಿ ತಡೆಯುತ್ತದೆ, ಮತ್ತು ಟಮಾಕ್ಸಿಫೆನ್ ಪರಿಣಾಮಕಾರಿ ರೂಪವಾದ ಎಂಡಾಕ್ಸಿಫೆನ್ ಆಗಿ ಬದಲಾಗುವುದು ಆ ಕಿಣ್ವದಿಂದಲೇ. ಎಂಡಾಕ್ಸಿಫೆನ್ ತಗ್ಗಿದರೆ ಕ್ಯಾನ್ಸರ್ ಮರುಕಳಿಸುವ ಅಪಾಯ ಎಷ್ಟು ಹೆಚ್ಚುತ್ತದೆ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಒಂದು ಉಗುರಿಗಾಗಿ ಆ ಪ್ರಶ್ನೆಯನ್ನು ಈ ರೋಗಿಯ ಮೇಲೆ ಪರೀಕ್ಷಿಸಲು ನಾನಂತೂ ಸಿದ್ಧನಿರಲಿಲ್ಲ.

ಅವರೇ ಒಂದು ದಾರಿ ಸೂಚಿಸಿದರು: "ರೇಡಿಯೇಷನ್ ನಡೆಯುವಾಗ ಟಮಾಕ್ಸಿಫೆನ್ ಇರುವುದಿಲ್ಲವಲ್ಲ, ಆಗ ಮುಗಿಸಿಬಿಡೋಣವೇ?" ಚೆನ್ನಾಗಿ ಯೋಚಿಸಿ ಕೇಳಿದ ಪ್ರಶ್ನೆ. ಆದರೆ ರೇಡಿಯೇಷನ್ ಅಷ್ಟು ವಾರ ನಡೆಯುವುದಿಲ್ಲ. ಟರ್ಬಿನಫಿನ್ ಕೊಬ್ಬಿನಲ್ಲೂ ಚರ್ಮದಲ್ಲೂ ಕೂತು, ನಿಲ್ಲಿಸಿದ ಮೇಲೂ ಹಲವು ವಾರ ಆ ಕಿಣ್ವವನ್ನು ತಡೆಯುತ್ತಲೇ ಇರುತ್ತದೆ. ಟಮಾಕ್ಸಿಫೆನ್ ಶುರುವಾಗುವ ದಿನಕ್ಕೆ ದೇಹ ಖಾಲಿಯಾಗಿರುವುದಿಲ್ಲ. ಇನ್ನೊಂದು ಮಾತೂ ಇತ್ತು: ಟರ್ಬಿನಫಿನ್ ಕೆಲವರಲ್ಲಿ ನಾಲಿಗೆಯ ರುಚಿ ಕೆಡಿಸುತ್ತದೆ. ಕೀಮೋದಿಂದ ಹೋಗಿದ್ದ ರುಚಿ ಇವರಿಗೆ ಆಗಷ್ಟೇ ಮರಳುತ್ತಿತ್ತು.

ಹಚ್ಚುವ ಔಷಧವನ್ನೇ ಆರಿಸಿದೆವು, ಅದರ ಮಿತಿಯನ್ನು ಮುಚ್ಚಿಡದೆ. ಎಫಿನಕೊನಜೋಲ್ ದ್ರಾವಣವನ್ನು 48 ವಾರ ಹಚ್ಚಿದ ದೊಡ್ಡ ಪ್ರಯೋಗಗಳಲ್ಲೂ ಪೂರ್ತಿ ಗುಣವಾದವರು ಶೇ. 15ರಿಂದ 18. ಇದನ್ನು ಮೊದಲೇ ಹೇಳಿದರೆ ರೋಗಿ ಮೂರು ತಿಂಗಳಿಗೆ ಬೇಸತ್ತು ಅಂಗಡಿಯಿಂದ ಮಾತ್ರೆ ತಂದುಕೊಳ್ಳುವುದಿಲ್ಲ. ಇವರಿಗೆ ನೇಲ್ ಪಾಲಿಶ್‌ನಂತೆ ಹಚ್ಚುವ ಅಮೊರೊಲ್ಫಿನ್ ಶೇ. 5ರ ಲ್ಯಾಕರ್ ಕೊಟ್ಟೆವು, ವಾರಕ್ಕೊಮ್ಮೆ ಹಚ್ಚಿದರೆ ಸಾಕಾಗುವ ಕಾರಣಕ್ಕೆ. ಕೀಮೋ ಮುಗಿದು ರಕ್ತಕಣಗಳು ಸ್ಥಿರವಾದ ಮೇಲೆ ಶೇ. 40ರ ಯೂರಿಯಾ ಲೇಪ ಕಟ್ಟಿ ಉಗುರನ್ನು ಮೆತ್ತಗಾಗಿಸಿ ಕೆರೆದು ತೆಳುವಾಗಿಸಿದೆವು. ದಪ್ಪ ಉಗುರಿನ ಮೇಲೆ ಯಾವ ಲ್ಯಾಕರ್ ಹಚ್ಚಿದರೂ ಒಳಗಿಳಿಯುವುದಿಲ್ಲ.

ಆಮೇಲಿನ ಸ್ಥಿತಿ

ಡಾಸಿಟ್ಯಾಕ್ಸೆಲ್ ಮುಗಿದ ಆರನೇ ತಿಂಗಳಿಗೆ ಕೈಯುಗುರುಗಳೆಲ್ಲ ಹೊಸದಾಗಿ, ತಳಕ್ಕೆ ಅಂಟಿಕೊಂಡು ಬೆಳೆದಿದ್ದವು. ಫಂಗಸ್ ಔಷಧದ ಒಂದು ಹನಿಯೂ ಅವಕ್ಕೆ ಬೇಕಾಗಲಿಲ್ಲ. ಉಂಗುರ ಬೆರಳಿನ ಉಗುರು ಮಾತ್ರ ಒಂದು ಅಂಚಿನಲ್ಲಿ ತುಸು ಒರಟಾಗಿ ಉಳಿದಿದೆ. ಬಲತೋಳಿನಲ್ಲಿ ಊತ ಬಂದಿಲ್ಲ.

ಕಾಲಿನ ಹೆಬ್ಬೆರಳು ನಿಧಾನ. ಒಂಬತ್ತನೇ ತಿಂಗಳಿಗೆ ಬುಡದಿಂದ ಸುಮಾರು ಐದರಲ್ಲಿ ಎರಡು ಭಾಗ ತಿಳಿಯಾದ ಉಗುರು ಬಂದಿದೆ. ಕಾಲುಗುರು ಪೂರ್ತಿ ಬದಲಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಮುಂದಿನ ಅಂಚಿನಲ್ಲಿ ಕೆಒಎಚ್ ಇನ್ನೂ ಪಾಸಿಟಿವ್. ಬೆರಳ ಸಂದು ಎರಡು ಬಾರಿ ಮತ್ತೆ ಬೆಳ್ಳಗಾದಾಗ ಮಗಳೇ ಮೊದಲು ಕಂಡು ಮುಲಾಮು ಶುರು ಮಾಡಿದ್ದಳು. ಟಮಾಕ್ಸಿಫೆನ್ ನಡೆದಿದೆ. ಲ್ಯಾಕರ್ ಮುಂದುವರಿದಿದೆ, ಮೂರು ತಿಂಗಳಿಗೊಮ್ಮೆ ಬಂದು ಉಗುರು ತೆಳುವಾಗಿಸಿಕೊಂಡು ಹೋಗುತ್ತಾರೆ. ಮುಂದೆಂದಾದರೂ ಟಮಾಕ್ಸಿಫೆನ್ ಬದಲು ಬೇರೆ ಹಾರ್ಮೋನ್ ಚಿಕಿತ್ಸೆಗೆ ಹೋದರೆ ಟರ್ಬಿನಫಿನ್ ಮಾತ್ರೆಯ ಪ್ರಶ್ನೆಯನ್ನು, ಲಿವರ್ ಪರೀಕ್ಷೆ ಮಾಡಿಸಿ, ಮತ್ತೆ ಎತ್ತಿಕೊಳ್ಳುವುದೆಂದು ಅವರ ಕಡತದಲ್ಲಿ ಬರೆದಿಟ್ಟಿದ್ದೇವೆ.